ನೌಕರಿಯ ಜೊತೆಗೆ ಒಂದು ದೊಡ್ಡ ಕೆಲಸ: ವಾರಕ್ಕೆ ಏಳು ಗಂಟೆಯ ಲೆಕ್ಕ

ಹೊಸ ಡೈರಿಯ ಮೊದಲ ಪುಟದಲ್ಲಿ ಬರೆಯುವ ಸಾಲುಗಳು ಎಲ್ಲರ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ. ಒಂದು ಪುಸ್ತಕ ಅನುವಾದ ಮಾಡಬೇಕು, ಇಲಾಖಾ ಪರೀಕ್ಷೆ ಪಾಸಾಗಬೇಕು, ಅರ್ಧಕ್ಕೆ ಬಿಟ್ಟ ವೀಣೆ ಮತ್ತೆ ಹಿಡಿಯಬೇಕು, ಊರ ದೇವಸ್ಥಾನದ ಶಾಸನಗಳ ಫೋಟೊ ತೆಗೆದು ದಾಖಲಿಸಬೇಕು. ಫೆಬ್ರವರಿ ಹೊತ್ತಿಗೆ ಅದೇ ಡೈರಿಯಲ್ಲಿ ಹಾಲಿನ ಲೆಕ್ಕ ನಡೆದಿರುತ್ತದೆ. ಇದಕ್ಕೆ ಆರಂಭಶೂರತ್ವ ಎಂದು ಹೆಸರಿಟ್ಟು ನಮ್ಮನ್ನೇ ಬೈದುಕೊಂಡು ಸುಮ್ಮನಾಗುವುದು ರೂಢಿ. ಬೈದುಕೊಂಡರೆ ಏನೂ ತಿಳಿಯುವುದಿಲ್ಲ. ಕೆಲಸ ಯಾವ ದಿನ, ಎಲ್ಲಿ ನಿಂತಿತು ಎಂದು ಹಿಂದಕ್ಕೆ ಹೋಗಿ ನೋಡಿದರೆ ಬಹುಪಾಲು ಸಿಗುವುದು ಎರಡು ಕಾರಣ. ಅದು ಒಟ್ಟು ಎಷ್ಟು ಗಂಟೆಯ ಕೆಲಸ ಎಂದು ಯಾರೂ ಲೆಕ್ಕ ಹಾಕಿರಲಿಲ್ಲ. ಮತ್ತೆ ಕೂತಾಗ ಮೊದಲು ಏನು ಮಾಡಬೇಕು ಎಂದು ಎಲ್ಲೂ ಬರೆದಿರಲಿಲ್ಲ.

ಇಲ್ಲಿ ಹೇಳುತ್ತಿರುವುದು ಸಂಬಳದ ಕೆಲಸ, ಓಡಾಟ, ಮನೆ ಮೂರೂ ಇರುವವರಿಗೆ. ಉದಾಹರಣೆಗೆ 160 ಪುಟದ ಒಂದು ಇಂಗ್ಲಿಷ್ ಪುಸ್ತಕವನ್ನು ಕನ್ನಡಕ್ಕೆ ತರುವ ಕೆಲಸವನ್ನು ಇಟ್ಟುಕೊಳ್ಳೋಣ. ನಿಮ್ಮದು ಬೇರೆ ಕೆಲಸವಾದರೆ ಅಂಕಿ ಬದಲಾಗುತ್ತದೆ, ಲೆಕ್ಕದ ದಾರಿ ಬದಲಾಗುವುದಿಲ್ಲ.

ಮೊದಲು ಒಂದು ವಾರ ಬರೆದಿಡಿ

ಜೇಬಿನಲ್ಲಿ ಹಿಡಿಯುವಂಥ ಒಂದು ನೋಟ್‌ಬುಕ್ ಸಾಕು. ಸೋಮವಾರದಿಂದ ಭಾನುವಾರದವರೆಗೆ, ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗಲೆಲ್ಲ ಗಂಟೆ ಮತ್ತು ಎರಡು ಪದ ಬರೆಯಿರಿ: ‘6.10 ಎದ್ದೆ. 6.15 ಫೋನ್. 6.50 ಹಾಲು, ಕಾಫಿ. 7.20 ಮಗುವಿಗೆ ಸ್ನಾನ.’ ರಾತ್ರಿ ಕೂತು ನೆನಪಿನಿಂದ ಬರೆಯಬೇಡಿ. ನೆನಪು ಫೋನಿನ ಹೊತ್ತನ್ನು ಕುಗ್ಗಿಸುತ್ತದೆ, ದುಡಿದ ಹೊತ್ತನ್ನು ಹಿಗ್ಗಿಸುತ್ತದೆ. ಫೋನಿನದ್ದನ್ನು ಫೋನನ್ನೇ ಕೇಳಬಹುದು: ಆಂಡ್ರಾಯ್ಡ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್, ಐಫೋನ್‌ನಲ್ಲಿ ಸ್ಕ್ರೀನ್ ಟೈಮ್ ಎಂಬಲ್ಲಿ ಯಾವ ಆ್ಯಪ್‌ಗೆ ಎಷ್ಟು ಹೊತ್ತು ಹೋಯಿತು ಎಂಬುದು ಇರುತ್ತದೆ. ಆ ವಾರ ಒಳ್ಳೆಯವರಾಗಲು ಹೋಗಬೇಡಿ. ಎಂದಿನಂತೆಯೇ ಇರಿ, ಇಲ್ಲದಿದ್ದರೆ ಲೆಕ್ಕವೇ ಸುಳ್ಳಾಗುತ್ತದೆ.

ವಾರಕ್ಕಿರುವುದು 168 ಗಂಟೆ. ದಿನಕ್ಕೆ ಏಳು ಗಂಟೆ ನಿದ್ದೆ ಎಂದರೆ 49. ಕಚೇರಿ ಐದು ದಿನ ಒಂಬತ್ತು ಗಂಟೆ ಎಂದರೆ 45. ಬೆಂಗಳೂರಿನಂಥ ಊರಲ್ಲಿ ಹೋಗಿಬರಲು ದಿನಕ್ಕೆ ಎರಡೂವರೆ ಗಂಟೆ ಹಿಡಿದರೆ 12.5. ಸ್ನಾನ, ಊಟ, ಮನೆಗೆಲಸ ದಿನಕ್ಕೆ ಮೂರೂವರೆ ಎಂದರೆ 24.5. ಒಟ್ಟು 131 ಹೋಗಿ ಉಳಿಯುವುದು 37. ಇದನ್ನು ನೋಡಿ ಹಿಗ್ಗುವುದು ಬೇಡ. ಈ 37 ಗಂಟೆ ಹದಿನೈದಿಪ್ಪತ್ತು ನಿಮಿಷದ ಚೂರುಗಳಾಗಿ ಇಡೀ ವಾರ ಚೆಲ್ಲಿಕೊಂಡಿರುತ್ತದೆ. ಅದರಲ್ಲಿ ಒಡೆಯದ ಏಳು ಗಂಟೆ ಹೆಕ್ಕುವುದಷ್ಟೇ ನಮ್ಮ ಕೆಲಸ.

ಅಡುಗೆಮನೆಯೂ ಮಕ್ಕಳ ಹೋಂವರ್ಕೂ ಒಬ್ಬರ ತಲೆಯ ಮೇಲೇ ಇದ್ದರೆ ಮನೆಯ ಬಾಬ್ತು ದಿನಕ್ಕೆ ಆರು ಗಂಟೆ ದಾಟುತ್ತದೆ, ಉಳಿಯುವುದು 19.5. ಹಾಗೆ ದುಡಿಯುವ ಹೆಂಗಸಿಗೆ ‘ಬೆಳಿಗ್ಗೆ ನಾಲ್ಕಕ್ಕೆ ಏಳಿ’ ಎನ್ನುವುದು ಸಲಹೆಯಲ್ಲ. ಅಲ್ಲಿ ಬೇಕಾದದ್ದು ಯಾವ ಎರಡು ಕೆಲಸ ಇನ್ಯಾರ ಕೈಗೆ ಹೋಗಬೇಕು ಎಂಬ ಮಾತು. ವಾರದ ಪುಸ್ತಕ ಕೈಯಲ್ಲಿದ್ದರೆ ಆ ಮಾತು ಜಗಳವಾಗದೆ ಲೆಕ್ಕವಾಗುತ್ತದೆ: ‘ಸಂಜೆ ಏಳರಿಂದ ಎಂಟು, ಮಂಗಳವಾರ ಮತ್ತು ಗುರುವಾರ, ಹೋಂವರ್ಕ್ ನಿಮ್ಮದು.’

ಕೆಲಸವನ್ನು ಗಂಟೆಗೆ ಇಳಿಸುವುದು

‘ಪುಸ್ತಕ ಅನುವಾದ ಮಾಡಬೇಕು’ ಎಂಬುದಕ್ಕೆ ತುದಿಮೊದಲಿಲ್ಲ. ಮೊದಲು ಅದನ್ನು ಎಣಿಸಬಹುದಾದ ಘಟಕಕ್ಕೆ ಇಳಿಸಿ. ಪುಟಕ್ಕೆ 300 ಪದ ಎಂದರೆ 160 ಪುಟಕ್ಕೆ 48,000 ಪದ. ಮುಂದಿನ ಪ್ರಶ್ನೆ, ಗಂಟೆಗೆ ಎಷ್ಟು? ಇದನ್ನು ಊಹಿಸಬೇಡಿ, ಅಳೆಯಿರಿ. ಪುಸ್ತಕದ ಆರಂಭ, ನಡುವೆ ಮತ್ತು ಅತಿ ಕಷ್ಟವೆನಿಸುವ ಒಂದು ಭಾಗ, ಹೀಗೆ ಮೂರು ಕಡೆಯಿಂದ ತಲಾ ಒಂದು ಗಂಟೆ ಅನುವಾದ ಮಾಡಿ ನೋಡಿ. ಆರಂಭದ ಪುಟಗಳನ್ನಷ್ಟೇ ಅಳೆದರೆ ಮೋಸ ಹೋಗುತ್ತೀರಿ, ಅಲ್ಲಿ ಉತ್ಸಾಹ ಇರುತ್ತದೆ. ಮೂರರ ಸರಾಸರಿ ಗಂಟೆಗೆ 250 ಪದ ಬಂತೆನ್ನಿ. ಆಗ ಮೊದಲ ಕರಡಿಗೆ 192 ಗಂಟೆ. ಮೂಲದ ಪಕ್ಕದಲ್ಲಿಟ್ಟು ತಿದ್ದುವುದು ಗಂಟೆಗೆ 1,000 ಪದ, 48 ಗಂಟೆ. ಮೂಲ ಮುಚ್ಚಿಟ್ಟು ಬರೀ ಕನ್ನಡವನ್ನು ಗಟ್ಟಿಯಾಗಿ ಓದಿ ತಿದ್ದುವುದು ಗಂಟೆಗೆ 2,000 ಪದ, 24 ಗಂಟೆ. ಎಲ್ಲ ಸೇರಿ 264.

ಇದಕ್ಕೆ ಮೂರರಲ್ಲಿ ಒಂದು ಪಾಲು ಮೇಲೆ ಸೇರಿಸಿ. ಒಟ್ಟು 352 ಗಂಟೆ. ಈ ಮೂರನೇ ಒಂದು ಪಾಲು ಅಂದಾಜೇ ಹೊರತು ಶಾಸ್ತ್ರವಲ್ಲ. ಆದರೆ ಸೇರಿಸಲೇಬೇಕು. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬ ಮನೋವಿಜ್ಞಾನಿಗಳು 1979ರಲ್ಲೇ ಗುರುತಿಸಿದಂತೆ, ಹಿಂದಿನ ಕೆಲಸಗಳು ತಡವಾಗಿದ್ದು ಗೊತ್ತಿದ್ದೂ ಮುಂದಿನದಕ್ಕೆ ನಾವು ಕಡಿಮೆ ಸಮಯವನ್ನೇ ಹಾಕಿಕೊಳ್ಳುತ್ತೇವೆ. ಮನೆ ಕಟ್ಟಿಸಿದ ಯಾರನ್ನಾದರೂ ಕೇಳಿ, ಮೇಸ್ತ್ರಿ ಹೇಳಿದ ತಿಂಗಳಿಗೆ ಗೃಹಪ್ರವೇಶ ಆಯಿತೇ ಎಂದು.

ವಾರಕ್ಕೆ ಏಳು ಗಂಟೆಯಂತೆ 352 ಗಂಟೆಗೆ ಸುಮಾರು 50 ವಾರ. ಈಗ ಪಂಚಾಂಗ ತೆಗೆಯಿರಿ. ಒಂದಕ್ಷರವೂ ಸಾಗದ ವಾರಗಳನ್ನು ಮೊದಲೇ ಗುರುತು ಹಾಕಿ: ಗೌರಿ ಗಣೇಶ, ದಸರಾ, ದೀಪಾವಳಿ, ಊರ ಜಾತ್ರೆ, ಹತ್ತಿರದವರ ಮದುವೆ, ಮಕ್ಕಳ ಪರೀಕ್ಷೆ. ಲೆಕ್ಕಪತ್ರ ವಿಭಾಗದಲ್ಲಿರುವವರಿಗೆ ಮಾರ್ಚ್ ಪೂರ್ತಿ ಹೋಯಿತು. ಹೀಗೆ ಹತ್ತು ವಾರವಾದರೂ ಕಳೆಯುತ್ತದೆ. ಅಲ್ಲಿಗೆ ಒಟ್ಟು 60 ವಾರ, ಹತ್ತಿರಹತ್ತಿರ ಹದಿನಾಲ್ಕು ತಿಂಗಳು. ‘ಆರು ತಿಂಗಳಲ್ಲಿ ಮುಗಿಸುತ್ತೇನೆ’ ಎಂದು ಹೊರಟವರು ಆರನೇ ತಿಂಗಳಲ್ಲಿ ಅರ್ಧವೂ ಆಗಿಲ್ಲವೆಂದು ಕೈಬಿಡುತ್ತಾರೆ. ಹದಿನಾಲ್ಕು ತಿಂಗಳ ಕೆಲಸ ಎಂದು ಗೊತ್ತಿದ್ದವರಿಗೆ ಅದೇ ಆರನೇ ತಿಂಗಳಲ್ಲಿ ತಾವು ಸರಿಯಾದ ಜಾಗದಲ್ಲೇ ಇದ್ದೇವೆಂದು ಕಾಣುತ್ತದೆ. ಕೆಲಸ ಅಷ್ಟೇ ಆಗಿರುತ್ತದೆ, ಮನಸ್ಸಿಗೆ ಮಾತ್ರ ಅದು ಬೇರೆ.

ಅದೇ ಪಂಚಾಂಗ ಕೊಡುವ ಉಡುಗೊರೆಯೂ ಇದೆ: ಆಷಾಢ ಮತ್ತು ಧನುರ್ಮಾಸ. ಮದುವೆ ಮುಂಜಿಯ ಕರೆಯೋಲೆ ಇಲ್ಲದ ತಿಂಗಳುಗಳು. ಕೆಲಸದ ಅತಿ ಕಷ್ಟದ ಭಾಗವನ್ನು ಅಲ್ಲಿಗೆ ಇಟ್ಟುಕೊಳ್ಳಿ.

ಪರೀಕ್ಷೆಗೆ ಓದುವವರ ಘಟಕ ಬೇರೆ. ಓದಿದ ಗಂಟೆಯನ್ನೋ ಪುಟವನ್ನೋ ಎಣಿಸಬಾರದು. ಪುಸ್ತಕ ಮುಚ್ಚಿಟ್ಟು ಉತ್ತರಿಸಿದ ಪ್ರಶ್ನೆಗಳನ್ನು ಎಣಿಸಬೇಕು. ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರತೆಗೆದು ಅಭ್ಯಾಸ ಮಾಡಿದ್ದು ದಿನಗಳು ಕಳೆದ ಮೇಲೂ ಹೆಚ್ಚು ಉಳಿಯುತ್ತದೆ ಎಂದು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ತೋರಿಸಿದ್ದಾರೆ. ಕೆಎಎಸ್ ಪೂರ್ವಭಾವಿಯಂತೆ ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಯಾದರೆ ಸರಿ, ತಪ್ಪು, ಬಿಟ್ಟದ್ದು ಎಂದು ಮೂರು ಕಾಲಂ ಬೇಕು.

ಮೊದಲ ಹೆಜ್ಜೆ ಮೊದಲ ಸಾಲಲ್ಲ

ಅನುವಾದದ ಮೊದಲ ಹೆಜ್ಜೆ ಮೊದಲ ವಾಕ್ಯವನ್ನು ಕನ್ನಡಿಸುವುದು ಎಂದು ಅನ್ನಿಸುತ್ತದೆ. ಅಲ್ಲ, ಮೊದಲ ಹೆಜ್ಜೆ ಅನುಮತಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರು ಬದುಕಿರುವಷ್ಟು ಕಾಲ, ಅವರು ತೀರಿಕೊಂಡ ಮೇಲೆ ಇನ್ನೂ 60 ವರ್ಷ ಹಕ್ಕು ಇರುತ್ತದೆ. 192 ಗಂಟೆ ಕೂತು ಕರಡು ಮುಗಿಸಿ, ಆಮೇಲೆ ಕನ್ನಡದ ಹಕ್ಕು ಬೇರೆಯವರಿಗೆ ಹೋಗಿದೆ ಎಂದು ತಿಳಿದರೆ ಅತ್ತೂ ಪ್ರಯೋಜನವಿಲ್ಲ. ಪ್ರಕಾಶಕರಿಗೆ ಪತ್ರ ಬರೆದು, ಉತ್ತರಕ್ಕೆ ಕಾಯುವ ವಾರಗಳಲ್ಲಿ ಮಾದರಿಗಾಗಿ ಒಂದು ಅಧ್ಯಾಯ ಮಾತ್ರ ಮಾಡಿ.

ಪ್ರತಿ ದೊಡ್ಡ ಕೆಲಸದಲ್ಲೂ ಹೀಗೆ ಬೇರೆಯವರ ಕೈಯಲ್ಲಿರುವ, ಕಾಯಬೇಕಾದ ಒಂದು ತುಂಡು ಇರುತ್ತದೆ: ಶಾಸನ ದಾಖಲಿಸುವವರಿಗೆ ದೇವಸ್ಥಾನದ ಆಡಳಿತದ ಒಪ್ಪಿಗೆ, ವೀಣೆಯವರಿಗೆ ಮೇಳ ಕಟ್ಟುವವರ (ಮೇಣದಲ್ಲಿ ಮೆಟ್ಟಿಲು ಕೂರಿಸುವವರ) ಸಮಯ, ಪರೀಕ್ಷೆಯವರಿಗೆ ಇಲಾಖೆಯ ಅನುಮತಿ ಪತ್ರ. ಅದನ್ನು ಹುಡುಕಿ ಮೊದಲ ವಾರವೇ ಶುರು ಮಾಡಿ. ನೀವು ನಿದ್ದೆ ಮಾಡುವಾಗಲೂ ಸಾಗುವ ಭಾಗ ಅದೊಂದೇ.

ಕೂರುವ ಹೊತ್ತು

ಏಳು ಗಂಟೆ ಎಂದರೆ ಸೋಮವಾರದಿಂದ ಶುಕ್ರವಾರ ದಿನಕ್ಕೊಂದು, ಭಾನುವಾರ ಎರಡು. ಶನಿವಾರ ಖಾಲಿ ಬಿಡಿ. ಅದು ವಾರದ ನಡುವೆ ತಪ್ಪಿದ್ದಕ್ಕೆ ತೇಪೆ ಹಾಕುವ ದಿನ. ರಾಜ್ಯ ಸರ್ಕಾರಿ ನೌಕರರಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಇರುವುದರಿಂದ ತಿಂಗಳಿಗೆರಡು ತೇಪೆ ಖಚಿತ. ತೇಪೆಯ ದಿನವನ್ನೂ ತುಂಬಿಸಿದ ವೇಳಾಪಟ್ಟಿ ಮೊದಲ ಜ್ವರಕ್ಕೇ ಹರಿದುಹೋಗುತ್ತದೆ.

ಯಾವ ಹೊತ್ತು ಎಂಬುದಕ್ಕೆ ಬ್ರಾಹ್ಮೀ ಮುಹೂರ್ತವೇ ಆಗಬೇಕೆಂದಿಲ್ಲ. ಬರೆದಿಟ್ಟ ವಾರವನ್ನು ನೋಡಿ. ಯಾರೂ ನಿಮ್ಮನ್ನು ಕರೆಯದ ಗಂಟೆ ಯಾವುದೋ ಅದು. ಕೆಲವರಿಗೆ ಬೆಳಗಿನ ಐದೂವರೆ, ಕೆಲವರಿಗೆ ಮನೆಯವರೆಲ್ಲ ಹೊರಟ ಮೇಲಿನ ಹತ್ತೂವರೆ, ಕೆಲವರಿಗೆ ಕಚೇರಿಗೆ ಒಂದು ಗಂಟೆ ಮುಂಚೆ ಹೋಗಿ ಖಾಲಿ ಕುರ್ಚಿಗಳ ನಡುವೆ ಕೂರುವುದು. ರಾತ್ರಿ ಊಟದ ನಂತರದ ಗಂಟೆ ಕಾಗದದ ಮೇಲೆ ಮಾತ್ರ ಚೆನ್ನಾಗಿರುತ್ತದೆ. ಬಸ್ಸು, ಮೆಟ್ರೋ ಪ್ರಯಾಣವನ್ನು ಈ ಏಳರಲ್ಲಿ ಸೇರಿಸಬೇಡಿ. ನಾಳೆಯ ಎರಡು ಪುಟ ಓದಿ ಗೊತ್ತಿಲ್ಲದ ಪದಕ್ಕೆ ಗೆರೆ ಎಳೆಯುವುದಕ್ಕೆ ಅದು ಸರಿ, ಅದಕ್ಕಿಂತ ಹೆಚ್ಚಿನದಕ್ಕೆ ಅಲ್ಲ.

ಗಡಿಯಾರಕ್ಕಿಂತ ದಿನಾ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಕಟ್ಟಿಹಾಕುವುದು ಗಟ್ಟಿ. ‘ಬೆಳಿಗ್ಗೆ ಓದುತ್ತೇನೆ’ ಎನ್ನುವ ಬದಲು ‘ಕಾಫಿ ಲೋಟ ತೊಳೆದಿಟ್ಟ ಕೂಡಲೇ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ನೋಟ್‌ಬುಕ್ ತೆರೆಯುತ್ತೇನೆ’ ಎಂದು ಬರೆಯಿರಿ. ‘ಇದಾದಾಗ ಇದನ್ನು ಮಾಡುತ್ತೇನೆ’ ಎಂಬ ಈ ಬಗೆಯ ಸಂಕಲ್ಪ ಬರೀ ಗುರಿಗಿಂತ ಹೆಚ್ಚು ನಡೆಯುತ್ತದೆ ಎಂಬುದರ ಬಗ್ಗೆ ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದ ಅಧ್ಯಯನ ಮಾಡಿದ್ದಾರೆ. ಪೂಜೆಯ ಸಂಕಲ್ಪದಲ್ಲೂ ಕಾಲ, ದೇಶ ಎರಡನ್ನೂ ಹೇಳಿಯೇ ಮುಂದುವರಿಯುವುದಲ್ಲವೇ.

ಒಂದು ಗಂಟೆಯ ಒಳಗೆ ಹೀಗೆ:

1. ಫೋನ್ ಇನ್ನೊಂದು ಕೋಣೆಯಲ್ಲಿ. ಗಂಟೆ ನೋಡಲು ಕೈಗಡಿಯಾರ ಅಥವಾ ಅಡುಗೆಮನೆಯ ಟೈಮರ್. ಮನೆಯಲ್ಲಿ ಹಿರಿಯರ ಆರೋಗ್ಯದ ಚಿಂತೆ ಇದ್ದರೆ ರಿಂಗ್ ಮಾತ್ರ ಇಟ್ಟು ಡೇಟಾ ಆಫ್ ಮಾಡಿ.
2. ಮೊದಲ ಐದು ನಿಮಿಷ, ನಿನ್ನೆಯ ಕೊನೆಯ ಅರ್ಧ ಪುಟ ಓದುವುದು. ತಿದ್ದುವುದಲ್ಲ, ಓದುವುದು.
3. ಐವತ್ತು ನಿಮಿಷ ಕೆಲಸ. ಸಿಗದ ಪದಕ್ಕೆ ನಿಘಂಟು ತೆರೆಯದೆ ಅಡಿಗೆರೆ ಹಾಕಿ ಮುಂದೆ ಹೋಗಿ. ಒಂದು ಪದ ಹುಡುಕಲು ಇಂಟರ್‌ನೆಟ್ ತೆರೆದವರು ಇಪ್ಪತ್ತು ನಿಮಿಷದ ನಂತರ ಕ್ರಿಕೆಟ್ ಸ್ಕೋರಿನಲ್ಲಿ ಸಿಗುತ್ತಾರೆ. ಅಡಿಗೆರೆ ಹಾಕಿದ್ದನ್ನೆಲ್ಲ ಭಾನುವಾರ ಒಟ್ಟಿಗೆ ನೋಡಿ.
4. ಕೊನೆಯ ಐದು ನಿಮಿಷ, ನಾಳೆ ಮೊದಲು ಮಾಡುವುದೇನೆಂದು ಒಂದು ಸಾಲು. ‘ಮುಂದುವರಿಸು’ ಎಂದು ಬರೆದರೆ ಲೆಕ್ಕಕ್ಕಿಲ್ಲ. ‘ಪುಟ 47, ಎರಡನೇ ಪ್ಯಾರಾ, ನದಿಯ ವರ್ಣನೆ, ಮೊದಲ ವಾಕ್ಯವನ್ನು ಎರಡಾಗಿ ಒಡೆಯಬೇಕು’ ಎಂದಿರಬೇಕು.

ಈ ನಾಲ್ಕರಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ನಾಲ್ಕನೆಯದನ್ನು ಇಟ್ಟುಕೊಳ್ಳಬೇಕು. ಎರಡು ದಿನ ಬಿಟ್ಟು ಕೂತಾಗ ‘ಎಲ್ಲಿದ್ದೆ?’ ಎಂದು ಹುಡುಕುವುದರಲ್ಲೇ ಕಾಲು ಗಂಟೆ ಹೋಗುತ್ತದೆ, ಆ ಕಾಲು ಗಂಟೆಯ ಬೇಸರಕ್ಕೆ ಹೆದರಿಯೇ ಮೂರನೇ ದಿನ ಕೂರುವುದಿಲ್ಲ. ಪ್ಯಾರಾ ಮುಗಿಸಿ ಏಳುವುದಕ್ಕಿಂತ, ಮುಂದಿನ ವಾಕ್ಯ ಹೇಗೆಂದು ಗೊತ್ತಿರುವಾಗಲೇ ನಡುವೆ ನಿಲ್ಲಿಸಿ ಎದ್ದರೆ ಮರುದಿನ ಕೈ ಬೇಗ ಓಡುತ್ತದೆ.

25 ನಿಮಿಷ ಕೆಲಸ, 5 ನಿಮಿಷ ವಿರಾಮದ ಪೊಮೊಡೊರೊ ಪದ್ಧತಿ ಎಲ್ಲರಿಗೂ ಗೊತ್ತು. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ವಿದ್ಯಾರ್ಥಿಯಾಗಿದ್ದಾಗ ಟೊಮೆಟೊ ಆಕಾರದ ಅಡುಗೆ ಟೈಮರ್ ಇಟ್ಟುಕೊಂಡು ಶುರು ಮಾಡಿದ್ದು. ಬಾಕಿ ಇಮೇಲ್, ಬಿಲ್ಲು ಜೋಡಿಸುವುದು, ಪ್ರಶ್ನೆಪತ್ರಿಕೆ ಬಿಡಿಸುವುದು ಇಂಥವಕ್ಕೆ ಅದು ಹೇಳಿ ಮಾಡಿಸಿದ್ದು. ಬರವಣಿಗೆಗೂ ಸಂಗೀತಕ್ಕೂ 25 ನಿಮಿಷ ಚಿಕ್ಕದು, ಮನಸ್ಸು ಆಗತಾನೆ ಇಳಿದಿರುತ್ತದೆ, ಗಂಟೆ ಹೊಡೆಯುತ್ತದೆ.

ಪಟ್ಟಿಯ ಭಾಷೆ

ಉಳಿದ ಸಣ್ಣ ಕೆಲಸಗಳ ಪಟ್ಟಿ ಬೇರೆ ಪುಟದಲ್ಲಿರಲಿ. ಅದರಲ್ಲಿ ನಾಮಪದ ಬರೆಯಬೇಡಿ, ಕ್ರಿಯಾಪದ ಬರೆಯಿರಿ. ‘ಪಾಸ್‌ಪೋರ್ಟ್’ ಎಂದು ಬರೆದದ್ದು ಆರು ತಿಂಗಳು ಹಾಗೇ ಇರುತ್ತದೆ. ‘ಹಳೇ ಪಾಸ್‌ಪೋರ್ಟ್ ಬೀರುವಿನಿಂದ ತೆಗೆದು ಮೇಜಿನ ಮೇಲಿಡು’ ಎಂದು ಬರೆದದ್ದು ಇವತ್ತೇ ಆಗುತ್ತದೆ. ಒಂದು ಕೆಲಸ ಮೂರು ವಾರ ಪಟ್ಟಿಯಿಂದ ಪಟ್ಟಿಗೆ ನಕಲಾಗುತ್ತಿದ್ದರೆ ಅದನ್ನು ತುಂಡು ಮಾಡಿ, ಬೇರೆಯವರಿಗೆ ಕೊಡಿ, ಇಲ್ಲವೇ ಗೀಚಿಹಾಕಿ. ಹಿಂದೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ದಿನಾ ವಾಪಸು ಕಳಿಸುತ್ತಿದ್ದರು. ದೆವ್ವಕ್ಕೆ ಆ ಉಪಾಯ ಸಾಕು, ವಿಮೆ ಕಂತಿಗೆ ಸಾಲದು.

ಭಾನುವಾರದ ಅರ್ಧ ಗಂಟೆ

ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಅಂಗಡಿಯವರ ಖಾತೆಯಂತೆ ನಾಲ್ಕು ಕಾಲಂ ಎಳೆಯಿರಿ: ವಾರ, ಕೂತ ಗಂಟೆ, ಆದ ಘಟಕ, ಒಟ್ಟು ಬಾಕಿ. ಉದಾಹರಣೆಗೆ, ‘ವಾರ 9, 5 ಗಂಟೆ, 1,150 ಪದ, ಬಾಕಿ 36,400.’ ಭಾನುವಾರ ಸಂಜೆ ಇದನ್ನು ತುಂಬಿ. ಗಂಟೆ ಸರಿಯಿದ್ದು ಪದ ಕಡಿಮೆ ಇದ್ದರೆ ಭಾಗ ಕಷ್ಟವಾಗಿದೆ ಎಂದರ್ಥ, ಮುಂದಿನ ನಾಲ್ಕು ವಾರದ ಅಂದಾಜು ತಿದ್ದಿ. ಗಂಟೆಯೇ ಕಡಿಮೆ ಇದ್ದರೆ ಯಾವ ದಿನ ತಪ್ಪಿತು ನೋಡಿ. ಮೂರು ವಾರ ಬುಧವಾರವೇ ತಪ್ಪಿದ್ದರೆ ಛಲ ಬೇಡ, ಬುಧವಾರವನ್ನು ಕೈಬಿಟ್ಟು ಗಂಟೆಯನ್ನು ಭಾನುವಾರಕ್ಕೆ ಹಾಕಿ. ಆಮೇಲೆ ಮುಂದಿನ ವಾರದ ಮದುವೆ, ಆಸ್ಪತ್ರೆ, ತಡರಾತ್ರಿಯ ಮೀಟಿಂಗ್‌ಗಳನ್ನು ನೋಡಿ ಕೂರುವ ಹೊತ್ತುಗಳನ್ನು ಗುರುತು ಮಾಡಿ. ಅಡಿಗೆರೆ ಹಾಕಿದ ಪದಗಳನ್ನೂ ಆಗಲೇ ನಿಘಂಟಿನಲ್ಲಿ ನೋಡಿಬಿಡಿ. ಬರೆದದ್ದರ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವ್‌ಗೋ ಇಮೇಲ್‌ಗೋ ಹಾಕಿ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪ್ ಮಾಡುವ ಅಭ್ಯಾಸ ಇರುವವರು ಯೂನಿಕೋಡ್‌ಗೆ ಈಗಲೇ ಬದಲಾಗುವುದು ಒಳ್ಳೆಯದು. ಕೊನೆಯಲ್ಲಿ ಒಟ್ಟಿಗೆ ಪರಿವರ್ತಿಸಿದರೆ ಒತ್ತಕ್ಷರಗಳು ಕೆಡುತ್ತವೆ, ಅದನ್ನು ತಿದ್ದುವ ಗಂಟೆಗಳು ನಿಮ್ಮ 352ರಲ್ಲಿ ಇಲ್ಲ.

ಎಲ್ಲಿ ಕೆಡುತ್ತದೆ

ಒಂದು ದಿನ ತಪ್ಪಿದ್ದರಿಂದ ಏನೂ ಕೆಡುವುದಿಲ್ಲ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯ ಮೇಲೆ ಮಾಡಿದ ಅಧ್ಯಯನದಲ್ಲಿ ಅಭ್ಯಾಸ ಬೇರೂರಲು ಹಿಡಿದ ಕಾಲ 18 ದಿನದಿಂದ 254 ದಿನದವರೆಗೆ ಅಂದಾಜಾಗಿತ್ತು, ನಡುವಿನ ಅಂಕಿ 66. ಮಧ್ಯೆ ಒಂದು ದಿನ ಬಿಟ್ಟುಹೋದರೆ ಗಮನಾರ್ಹ ಹಾನಿ ಇಲ್ಲವೆಂದೂ ಕಂಡುಬಂತು. ಹಾಗಾಗಿ 21 ದಿನದಲ್ಲಿ ಅಭ್ಯಾಸ ಬೇರೂರುತ್ತದೆ ಎಂಬ ಮಾತನ್ನು ನಂಬಿ ಇಪ್ಪತ್ತೆರಡನೇ ದಿನ ನಿರಾಶರಾಗಬೇಡಿ. ಕೆಡಿಸುವುದು ತಪ್ಪಿದ ದಿನವಲ್ಲ, ಅದನ್ನು ಬಡ್ಡಿ ಸಮೇತ ತೀರಿಸಲು ಹೋಗುವುದು. ‘ನಿನ್ನೆಯದೂ ಸೇರಿ ಇವತ್ತು ಎರಡು ಗಂಟೆ, ನಾಳೆ ಮೂರು’ ಎಂದು ಬೆಳೆಸಿಕೊಂಡವರು ವಾರದೊಳಗೆ ಪುಸ್ತಕ ಕಂಡರೆ ಮುಖ ತಿರುಗಿಸುತ್ತಾರೆ. ಶನಿವಾರದ ತೇಪೆಗೆ ಸಿಕ್ಕಷ್ಟು ಸಿಕ್ಕಿತು, ಉಳಿದದ್ದು ವಜಾ.

ಎರಡನೆಯದು ಹೊಸ ಆ್ಯಪ್, ಹೊಸ ಪೆನ್ನು, ಬಣ್ಣಬಣ್ಣದ ಪ್ಲಾನರ್. ಕೆಲಸ ಕಷ್ಟವಾದ ವಾರದಲ್ಲೇ ಇವುಗಳ ಮೇಲೆ ಆಸೆ ಹುಟ್ಟುತ್ತದೆ. ಹತ್ತು ವಾರದ ಲೆಕ್ಕ ಹಳೇ ನೋಟ್‌ಬುಕ್ಕಿನಲ್ಲಿ ತುಂಬುವವರೆಗೆ ಬದಲಾಯಿಸುವುದಿಲ್ಲ ಎಂದು ಇಟ್ಟುಕೊಳ್ಳಿ.

ಮೂರನೆಯದು ಜನ, ಇದೇ ಎಲ್ಲಕ್ಕಿಂತ ನಾಜೂಕು. ಭಾನುವಾರ ಬೆಳಿಗ್ಗೆ ಹೇಳದೆ ಬಂದ ಚಿಕ್ಕಪ್ಪನಿಗೆ ‘ನನಗೆ ಕೆಲಸವಿದೆ’ ಎನ್ನಲಾಗುವುದಿಲ್ಲ, ಎನ್ನಬೇಕಾದ್ದೂ ಇಲ್ಲ. ಕಾಫಿ ಕೊಟ್ಟು ಮಾತಾಡಿ, ಗಂಟೆಯನ್ನು ಸಂಜೆಗೆ ಸರಿಸಿ. ಮೊದಲೇ ಗೊತ್ತಿರುವ ಕರೆಗಳಿಗೆ ಮಾತ್ರ ಮೊದಲೇ ಉತ್ತರ ಬೇಕು: ‘ಅತ್ತೆ, ಆರತಕ್ಷತೆಗೆ ಖಂಡಿತ ಬರ್ತೀನಿ, ಹಿಂದಿನ ದಿನದ ಚಪ್ಪರಕ್ಕೆ ಆಗಲ್ಲ.’ ಬರುವುದನ್ನು ಮೊದಲು ಹೇಳಿ, ಬಾರದಿರುವುದನ್ನು ಆಮೇಲೆ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಕಚೇರಿಯಲ್ಲಿ ಮೇಲಿನವರು ಇನ್ನೊಂದು ಕೆಲಸ ತಂದಾಗ ಇಲ್ಲ ಎನ್ನುವ ಬದಲು ಕೈಯಲ್ಲಿರುವ ಪಟ್ಟಿ ಮುಂದಿಟ್ಟು, ‘ಸರ್, ಇದನ್ನು ಇವತ್ತು ತಗೊಂಡರೆ ಇವೆರಡರಲ್ಲಿ ಯಾವುದನ್ನು ನಾಳೆಗೆ ಇಡಲಿ?’ ಎಂದು ಕೇಳಿ.

ಕೊನೆಯ ಹತ್ತನೇ ಒಂದು ಭಾಗಕ್ಕೆ ಬೇರೆಯದೇ ಉಪಾಯ ಬೇಕು. ಕರಡು ಮುಗಿದಾಗ ಹುಮ್ಮಸ್ಸೂ ಮುಗಿದಿರುತ್ತದೆ. ಮಿಕ್ಕಿರುವುದು ಹೆಸರುಗಳ ಕಾಗುಣಿತ ಒಂದೇ ಥರ ಇದೆಯೇ, ಅಡಿಟಿಪ್ಪಣಿ ಸರಿಯಿದೆಯೇ ಎಂಬಂಥ ನೀರಸ ಕೆಲಸ. ಇನ್ನು 30 ಗಂಟೆ ಬಾಕಿ ಇದೆ ಎನ್ನುವಾಗ, ನಿಮ್ಮ ಕನ್ನಡವನ್ನು ದಾಕ್ಷಿಣ್ಯವಿಲ್ಲದೆ ತಿದ್ದಬಲ್ಲ ಒಬ್ಬರಿಗೆ ಫೋನ್ ಮಾಡಿ, ಇಂಥ ತಾರೀಖಿನ ಸಂಜೆ ಕಟ್ಟು ತಂದುಕೊಡುತ್ತೇನೆ ಎಂದು ಹೇಳಿ ಅವರ ಬಿಡುವನ್ನು ಗೊತ್ತು ಮಾಡಿಕೊಳ್ಳಿ. ಆ ದಿನ ಮುದ್ರಿಸಿ ಒಯ್ಯಿರಿ, ಒಂದು ಪಕ್ಕಕ್ಕೆ ಮಾತ್ರ, ಸಾಲಿನ ನಡುವೆ ಎರಡರಷ್ಟು ಜಾಗ ಬಿಟ್ಟು, ಜೊತೆಗೆ ಒಂದು ಕೆಂಪು ಪೆನ್ನು.